ಕಾಲು ಚಾಚುವ ಹಕ್ಕು

ಸತ್ತವರ ದೇಹ ಯಾರ ಕೈಗೆ ಸೇರಬೇಕು, ಹೂಳಬೇಕೋ ಸುಡಬೇಕೋ, ಯಾವ ಊರಿನ ಮಣ್ಣಿಗೆ ಒಯ್ಯಬೇಕು ಎಂಬುದನ್ನೆಲ್ಲ ಒಂದು ಡಬ್ಬಿ ತೀರ್ಮಾನಿಸತೊಡಗಿ ಆಗ ನಾಲ್ಕನೆಯ ವರ್ಷ.

ಡಬ್ಬಿಗೆ ಸರ್ಕಾರ ಇಟ್ಟ ಹೆಸರು ಒಡನಾಟ ಮಾಪಕ. ಬೆಟಗೇರಿಯ ಜನ ಅದನ್ನು ಮೂಸು ಡಬ್ಬಿ ಅಂದರು, ಅದೇ ಉಳಿಯಿತು. ಸತ್ತವರ ಅಂಗೈ, ಬಗಲು, ತುಟಿ ಈ ಮೂರು ಕಡೆ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿಕೊಳ್ಳುವುದು. ಹಕ್ಕು ಕೇಳಿ ಬಂದವರದ್ದೂ ಅದೇ ಮೂರು ಕಡೆ ಒರೆಸಿಕೊಳ್ಳುವುದು. ಕಡ್ಡಿಗಳನ್ನು ಡಬ್ಬಿಯ ಹೊಟ್ಟೆಗೆ ಹಾಕಿದರೆ ಅದು ಅವುಗಳಿಗೆ ಅಂಟಿದ ಸೂಕ್ಷ್ಮಜೀವಿಗಳನ್ನು ಒಡೆದು, ಒಂದೊಂದರ ತಳಿ ಓದಿ, ಯಾರ ಮೈಯ ಜೀವಿಗಳು ಸತ್ತವರ ಮೈಯವುಗಳಿಗೆ ಎಷ್ಟು ಹತ್ತಿರ ಎಂದು ಎರಡು ತಾಸಿನಲ್ಲಿ ನೂರಕ್ಕೆ ಇಷ್ಟು ಎಂಬ ಅಂಕಿ ಕೊಡುತ್ತಿತ್ತು. ಒಂದೇ ಸೂರಿನಡಿ ವರ್ಷಗಟ್ಟಲೆ ಉಂಡು ಮಲಗಿದವರ ಮೈಮೇಲೆ ಒಂದೇ ತಳಿಯ ಜೀವಿಗಳು ಬೀಡುಬಿಟ್ಟಿರುತ್ತವೆ ಎಂಬುದು ಅದರ ಹಿಂದಿನ ವಿಜ್ಞಾನ. ಹೆಚ್ಚು ಅಂಕಿ ಬಂದವರಿಗೆ ಹಕ್ಕುಪತ್ರ.

ಇಂಥದೊಂದು ಕಾಯ್ದೆ ಬರಲು ಕಾರಣವೂ ಇತ್ತು. ಸಾಯುವವರು ಬರೆದಿಟ್ಟರೆಂದು ತಂದ ಕಾಗದಗಳಲ್ಲಿ ಅರ್ಧಕ್ಕರ್ಧ ಖೊಟ್ಟಿ. ಸಾಕ್ಷಿಗಳು ದಿನಕ್ಕೊಂದು ಮಾತು. ರಕ್ತಸಂಬಂಧವನ್ನೇ ಹಿಡಿದರೆ ಇಪ್ಪತ್ತು ವರ್ಷ ಮುಖ ತೋರಿಸದ ಮಗ ಬಂದು ಹೆಣ ಎತ್ತಿಕೊಂಡು ಹೋಗುತ್ತಿದ್ದ, ಜೊತೆಗಿದ್ದು ಮಲಮೂತ್ರ ಬಳಿದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಮನಷಾ ಸುಳ್ಳ ಹೇಳತಾನ. ಹುಳಾ ಹೇಳೂದಿಲ್ಲ,” ಎಂದು ಜಿಲ್ಲಾ ಒಡನಾಟ ಕೇಂದ್ರದ ಮುಖ್ಯಸ್ಥ ಹುಲಕೋಟಿ ಸರ್ ಬಂದವರಿಗೆಲ್ಲ ಹೇಳುತ್ತಿದ್ದರು. ಪಕ್ಕದಲ್ಲಿ ಕೈಗವಸು ಹಾಕಿಕೊಂಡು ನಿಂತ ದಾನೇಶ್ವರಿ ಏನೂ ಹೇಳುತ್ತಿರಲಿಲ್ಲ. ಎಂ.ಎಸ್ಸಿ. ಮುಗಿಸಿ ಕೇಂದ್ರ ಸೇರಿ ಮೂರು ವರ್ಷವಾದರೂ ಅವಳ ಧ್ವನಿ ಹೇಗಿದೆಯೆಂದು ಅಲ್ಲಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ವರದಿ ಬರೆ ಎಂದರೆ ಹತ್ತು ಪುಟ ಬರೆಯುವಳು; ಅದನ್ನೇ ಎದ್ದು ನಿಂತು ಓದು ಎಂದರೆ ಕಾಗದವನ್ನು ಪಕ್ಕದವರ ಕೈಗೆ ಕೊಟ್ಟುಬಿಡುವಳು.

ಮೊದಲ ವರ್ಷ ಎಲ್ಲ ಸರಿಯಿತ್ತು. ಎರಡನೆಯ ವರ್ಷಕ್ಕೆ ಡಬ್ಬಿಯ ಗುಟ್ಟು ಜನಕ್ಕೆ ತಿಳಿಯಿತು.

ಸಾಯಲು ಬಿದ್ದ ಅಪ್ಪನ ಬನಿಯನ್ನನ್ನು ಒಗೆಯದೆ ಒಂದು ತಿಂಗಳು ಮೈಮೇಲೆ ಹಾಕಿಕೊಂಡ ಮಗನನ್ನು ದಾನೇಶ್ವರಿ ಕಂಡಳು. ತಾಯಿಯ ಉಚ್ಚೆ ಕೌದಿಗಾಗಿ ಇಬ್ಬರು ಅಣ್ಣತಮ್ಮಂದಿರು ಆಸ್ಪತ್ರೆಯ ಮೆಟ್ಟಿಲ ಮೇಲೆ ಜಗ್ಗಾಡಿ, ಕೌದಿ ಎರಡು ತುಂಡಾಗಿ, ಒಬ್ಬೊಬ್ಬ ಒಂದೊಂದು ತುಂಡು ಬಗಲಲ್ಲಿ ಒತ್ತಿಕೊಂಡು ನಡೆದಿದ್ದನ್ನು ಕಂಡಳು. ಅತ್ತೆ ಬಾಯಿ ಮುಕ್ಕಳಿಸಿದ ನೀರನ್ನು ಲೋಟದಲ್ಲಿ ಹಿಡಿದು, ಗೋಡೆಯತ್ತ ತಿರುಗಿ, ಒಂದೇ ಗುಟುಕಿಗೆ ಕುಡಿದ ಸೊಸೆಯೊಬ್ಬಳು ಆಮೇಲೆ ಸೆರಗಿನಿಂದ ಬಾಯಿ ಕೂಡ ಒರೆಸಿಕೊಳ್ಳಲಿಲ್ಲ. ಒರೆಸಿದರೆ ಅಂಕಿ ಹೋದೀತು. ಆಸ್ಪತ್ರೆಯ ಎದುರಿಗೆ ಒಬ್ಬ ಅಂಗಡಿ ತೆರೆದಿದ್ದ. “ಜಳಕಾ ಮಾಡಬ್ಯಾಡ್ರಿ, ಅವರ ತಾಟಿನಾಗ ಉಣ್ರಿ, ಅವರ ಹಾಸಗ್ಯಾಗ ಬೆವರ್ರಿ” ಎಂದು ಉಪದೇಶ ಮಾಡುವುದೇ ಅವನ ಕಸುಬು.

ಯಾರನ್ನೂ ಮುಟ್ಟಲು ದಾನೇಶ್ವರಿಗೆ ಆಗುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿದರೆ ಅದರ ಮೇಲಿನ ಹತ್ತು ಕೈಗಳ ಎಂಜಲು ಕಾಣುತ್ತಿತ್ತು. ಮನೆಯಲ್ಲಿ ಅವ್ವ ಚಿಕ್ಕಂದಿನಿಂದ ತನ್ನ ತಾಟಿನ ಕೊನೆಯ ತುತ್ತನ್ನು ಅವಳ ಬಾಯಿಗೆ ಇಡುವ ರೂಢಿ. ಒಂದು ದಿನ ಆ ತುತ್ತು ಬಂದಾಗ ಅವಳು ಮುಖ ಹೊರಳಿಸಿದಳು.

“ಯಾಕವಾ, ಹಸಿವಿಲ್ಲೇನು?”

“ಬ್ಯಾಡವಾ.”

“ನನ್ನ ಕೈ ಹೊಲಸಾತೇನೀಗ?”

ದಾನೇಶ್ವರಿ ಎದ್ದು ಹೋಗಿ ಕೈತೊಳೆದಳು. ಮತ್ತೊಮ್ಮೆ ತೊಳೆದಳು. ಒಳಗೆ ಅವ್ವ ಆ ತುತ್ತನ್ನು ತಾಟಿನ ಅಂಚಿಗೆ ಇಟ್ಟಳು.

ಏಪ್ರಿಲ್ ಮೊದಲ ವಾರ ಗುರುಸಿದ್ದವ್ವನ ಅರ್ಜಿ ಬಂತು. ಎಪ್ಪತ್ತೊಂದು ವರ್ಷದ ನೇಕಾರ ಹೆಂಗಸು, ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಕೈಬಿಟ್ಟಾಗಿತ್ತು. ಅವಳ ದೇಹದ ಹಕ್ಕು ಕೇಳಿದವರು ಇಬ್ಬರು. ಒಬ್ಬ ಒಡಹುಟ್ಟಿದ ತಮ್ಮ ಮುರಿಗೆಪ್ಪ. ಇನ್ನೊಬ್ಬಳು ತುಳಸಾಬಾಯಿ, ‘ಸಂಬಂಧ’ ಎಂಬ ಕಡೆ ಅವಳು ಏನೂ ಬರೆದಿರಲಿಲ್ಲ. ತಕರಾರು ಇದ್ದಲ್ಲಿ, ಸಾಯುವ ಮುಂಚೆ ಒಮ್ಮೆ ಕೇಂದ್ರದವರು ಮನೆಗೆ ಹೋಗಿ ನೋಡಿ ಬರಬೇಕೆಂಬ ನಿಯಮವಿತ್ತು. ದಾನೇಶ್ವರಿ ಹೋದಳು.

ಮನೆ ಎಂದರೆ ಒಂದು ಉದ್ದನೆಯ ಕೋಣೆ, ಹಿಂದೊಂದು ಅಡಿಗೆಮನೆ, ಮುಂದೆ ಅಂಗಳ. ಕೋಣೆಯ ಅರ್ಧಭಾಗ ಕುಣಿಮಗ್ಗದ್ದು. ನೆಲದಲ್ಲಿ ಸೊಂಟದಾಳದ ಕುಣಿ, ಅದರೊಳಗೆ ಕಾಲಿಳಿಬಿಟ್ಟು ಕೂತು ತುಳಿಯಲು ಎರಡು ಹಲಗೆ. ಹಲಗೆಯ ಮೇಲೆ ಎರಡು ಪಾದಗಳ ಆಕಾರಕ್ಕೆ ಮರ ಸವೆದು ತಗ್ಗಾಗಿತ್ತು. ಮಗ್ಗದ ಪಕ್ಕಕ್ಕೆ ಹಾಸಿಗೆ. ಹಾಸಿಗೆಯಲ್ಲಿ ಗುರುಸಿದ್ದವ್ವ, ಅವಳ ಕಾಲಬದಿಗೆ ನೂಲಿನ ರಾಟಿಯ ಮುಂದೆ ಸಣ್ಣಗೆ ಬಾಗಿದ ತುಳಸಾಬಾಯಿ, ತಲೆಬದಿಗೆ ಬಿಳಿ ಅಂಗಿಯ ಮುರಿಗೆಪ್ಪ.

ಬಿಳಿ ಅಂಗಿ ಎಂದರೆ ಒಂದು ಕಾಲಕ್ಕೆ ಬಿಳಿ. ಒಂದು ತಿಂಗಳಿನಿಂದ ಅವನು ಮೈಗೆ ನೀರು ಹಾಕಿರಲಿಲ್ಲ. ಕುತ್ತಿಗೆಯ ಮಡಿಕೆಯಲ್ಲಿ ಕೊಳೆ ಕಪ್ಪು ದಾರದಂತೆ ಕೂತಿತ್ತು.

ಅವನು ಊರಿಗೆಲ್ಲ ಗೊತ್ತಿದ್ದ ಮನುಷ್ಯ, ಸಮಾಜದ ಅಧ್ಯಕ್ಷಗಿರಿಗೆ ನಿಂತವನು. ಮೂವತ್ತೊಂದು ವರ್ಷದ ಹಿಂದೆ ಅಕ್ಕ ಕುಡುಕ ಗಂಡನ ಮನೆ ಬಿಟ್ಟು ಬಂದಾಗ ತವರಿನ ಬಾಗಿಲು ಹಾಕಿದವನೂ ಅವನೇ. ಆಗ ಅವಳಿಗೆ ಮೂಲೆ ಕೊಟ್ಟವಳು ಈ ತುಳಸಾಬಾಯಿ, ಕೂಲಿಗೆ ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುವ ವಿಧವೆ. ಗುರುಸಿದ್ದವ್ವನ ಆ ಕುಡುಕ ಗಂಡನೂ ಸತ್ತು ಎಷ್ಟೋ ವರ್ಷವಾಗಿತ್ತು, ಅವಳಿಗೆ ಮಕ್ಕಳಿರಲಿಲ್ಲ. ಒಬ್ಬಳು ಕಂಡಿಕೆ ಸುತ್ತಿದಳು, ಒಬ್ಬಳು ನೇಯ್ದಳು, ಮೂವತ್ತೊಂದು ವರ್ಷ ಹೋಯಿತು. ನಡುವೆ ಗುರುಸಿದ್ದವ್ವ ನೇಯ್ದ ಸೀರೆಯೊಂದಕ್ಕೆ ರಾಜ್ಯದ ಬಹುಮಾನ ಬಂದು, ಪತ್ರಿಕೆಗಳಲ್ಲಿ ಫೋಟೋ ಬಂದು, ಅವಳು ಸಮಾಜದ ಹೆಮ್ಮೆಯಾದಳು. ಇಂಥ ಅಕ್ಕನಿಗೆ ಮಣ್ಣು ಕೊಡದವನು ಅಧ್ಯಕ್ಷ ಹೇಗಾದಾನು ಎಂದು ನಾಲ್ಕು ಮಂದಿ ಕೇಳಿದ್ದರು. ಅವಳನ್ನು ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆ ಮೇಳದೊಂದಿಗೆ ಇಡೀ ಊರು ಸುತ್ತಿಸಿ, ಸಮಾಜದ ಭೂಮಿಯಲ್ಲಿ ಕುಣಿ ತೆಗೆದು ಪದ್ಮಾಸನದಲ್ಲಿ ಕೂರಿಸುವುದೆಂದು ಮುರಿಗೆಪ್ಪ ಆಗಲೇ ಹ್ಯಾಂಡ್‌ಬಿಲ್ಲಿನ ಒಕ್ಕಣೆ ಬರೆಸಿದ್ದ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿತ್ತು.

ದಾನೇಶ್ವರಿ ಹೋದಾಗ ಊಟದ ಹೊತ್ತು. ಗುರುಸಿದ್ದವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ. ತುಳಸಾಬಾಯಿ ತಿನ್ನಿಸಿದ ಗಂಜಿಯನ್ನು ಸ್ವಲ್ಪ ಹೊತ್ತು ಬಾಯಲ್ಲಿ ತಿರುವಿ ಬಟ್ಟಲಿಗೆ ಉಗುಳಿದಳು. ಮುರಿಗೆಪ್ಪನ ಸೊಸೆ ಬಂದು ಬಟ್ಟಲನ್ನು ಮಾವನ ಕೈಗೆ ಕೊಟ್ಟಳು. ಅವನು ಕಣ್ಣುಮುಚ್ಚಿ, ಅದರಲ್ಲಿ ರೊಟ್ಟಿ ಮುರಿದು ಹಾಕಿ, ಕಲಸಿ, ತಿಂದ. ಎರಡನೆಯ ತುತ್ತು ಒಳಗೆ ಇಳಿಯಲಿಲ್ಲ. ಕೈಯಿಂದ ಬಾಯಿ ಮುಚ್ಚಿ ನುಂಗಿದ. ಕಣ್ಣಲ್ಲಿ ನೀರು. ಗಲ್ಲದ ಮೇಲೆ ಇಳಿದ ಗಂಜಿಯ ಎಳೆಯನ್ನು ಸೊಸೆ ಬೆರಳಿನಿಂದ ಎತ್ತಿ ಮತ್ತೆ ಅವನ ತುಟಿಗೆ ಹಚ್ಚಿದಳು.

ದಾನೇಶ್ವರಿ ಕಿಟಕಿಯತ್ತ ತಿರುಗಿದಳು.

“ಯಾಕ ಆ ಕಡೆ ನೋಡತಿ ತಂಗಿ, ಈ ಕಡೆ ನೋಡು,” ಎಂದಳು ಗುರುಸಿದ್ದವ್ವ ಹಾಸಿಗೆಯಿಂದ. ಧ್ವನಿ ಕ್ಷೀಣ, ನಗೆ ಮಾತ್ರ ಗಟ್ಟಿ. “ಮೂವತ್ತೊಂದ ವರ್ಷ ನನ್ನ ಮನಿ ನೀರ ಕುಡೀಲಿಲ್ಲ ಇಂವ. ಈಗ ನೋಡು, ನನ್ನ ಉಗುಳ ತಿನ್ನಾಕತ್ತಾನ. ಉಪ್ಪ ಸಾಕೇನೋ ಮುರಿಗ್ಯಾ?”

“ಅಕ್ಕಾ, ಎಲ್ಲಾ ನಿನ್ನ ಸದ್ಗತಿಗೇ ಮಾಡಾಕತ್ತೀನಿ,” ಎಂದ ಮುರಿಗೆಪ್ಪ, ಮಗ್ಗುಲಿಗೆ ಉಗುಳಲು ಹೋಗಿ, ತಡೆದು.

“ನನ್ನ ಸದ್ಗತಿ ನಾ ಹೇಳತೀನಿ ಕೇಳು. ತಂಗಿ, ನೀನೂ ಬರಕೋ. ನಲವತ್ತೆಂಟ ವರ್ಷ ಮಗ್ಗದ ಕುಣ್ಯಾಗ ಕುಂತೀನಿ. ಸೊಂಟ ಹಿಡಕೊಂಡ್ ಹೋತು, ಮೊಣಕಾಲ ಮಡಚಿದ್ದು ಮಡಚಿದಂಗ ಆತು. ಸತ್ತ ಮ್ಯಾಲೆ ಮತ್ತ ಕುಣ್ಯಾಗ ಕುಂಡ್ರಸಬ್ಯಾಡ್ರಿ. ಕಾಲ ಚಾಚಿ ಮಲಗಸ್ರಿ. ದೇವರೇನ್ ಸಿಟ್ಟಾಗೂದಿಲ್ಲ. ಸಿಟ್ಟಾದ್ರ ನಾ ತುಳಸಿನ್ನ ಮುಂದ ಮಾಡ್ತೀನಿ, ಅಕಿನ್ನ ಬೈಲಿ.”

“ನನ್ನ ಯಾಕ ಬೈಬೇಕವಾ ದೇವರು?” ಎಂದಳು ತುಳಸಾಬಾಯಿ ರಾಟಿ ನಿಲ್ಲಿಸದೆ. “ಸಾಯೂ ಹೊತ್ತಿನಾಗೂ ತಪ್ಪ ನನ್ನ ಮ್ಯಾಲೆ ಹಾಕತಿ.”

ದಾನೇಶ್ವರಿ ಬರೆದುಕೊಂಡಳು. ಅದಕ್ಕೆ ಕಾಯ್ದೆಯಲ್ಲಿ ಬೆಲೆಯಿಲ್ಲವೆಂದು ಅವಳಿಗೆ ಗೊತ್ತಿತ್ತು. ಸಾಯುವವರ ಮಾತು ಸಾಕ್ಷಿಯಲ್ಲ, ಡಬ್ಬಿಯ ಅಂಕಿಯೇ ಸಾಕ್ಷಿ.

ಹೊರಡುವ ಮುಂಚೆ ಅವಳ ಕಣ್ಣಿಗೆ ಒಂದು ಬಿತ್ತು. ತುಳಸಾಬಾಯಿ ತುಂಬಿದ ಕಂಡಿಕೆಯನ್ನು, ಮಗ್ಗದಲ್ಲಿ ಅತ್ತಿತ್ತ ಓಡುವ ಹಳೆಯ ಲಾಳಿಯೊಳಗೆ ಇಟ್ಟು, ಲಾಳಿಯ ಪಕ್ಕದ ತೂತಿಗೆ ಬಾಯಿಹಚ್ಚಿ ಸುರ್ ಎಂದು ಎಳೆದಳು. ನೂಲಿನ ತುದಿ ತೂತಿನಿಂದ ಅವಳ ತುಟಿಗೆ ಬಂತು. ಮುಂದಿನ ಹಲ್ಲಿನಲ್ಲಿ ಹಿಡಿದು ಕಡಿದಳು.

“ಇನ್ನ ಯಾರ್ ನೇಯತಾರಂತ ಲಾಳಿ ತುಂಬತಿ?” ಎಂದು ಗುರುಸಿದ್ದವ್ವ ಕೈಚಾಚಿ ಲಾಳಿ ಇಸಿದುಕೊಂಡು, ತಾನೂ ಅದೇ ತೂತಿಗೆ ಬಾಯಿಹಚ್ಚಿ ಎಳೆದು ನೋಡಿದಳು, ಸರಿಯಾಗಿ ಬರುತ್ತದೋ ಇಲ್ಲವೋ ಎಂದು. ಇಬ್ಬರ ಮುಂದಿನ ಹಲ್ಲಿನ ಅಂಚಿನಲ್ಲೂ ನೂಲು ಕೊರೆದ ಸಣ್ಣ ಕಚ್ಚು, ಒಂದೇ ಜಾಗದಲ್ಲಿ.

ಆ ಒಂದು ನೋಟ ಮಾತ್ರ ದಾನೇಶ್ವರಿಗೆ ಹೇಸಿಕೆ ತರಲಿಲ್ಲ. ಯಾಕೆಂದು ಅವಳು ಆಗ ಯೋಚಿಸಲಿಲ್ಲ.

ಹದಿನಾರನೆಯ ತಾರೀಖು ಬೆಳಗಿನ ಐದಕ್ಕೆ ಗುರುಸಿದ್ದವ್ವ ಸತ್ತಳು. ದಾನೇಶ್ವರಿ ಪೆಟ್ಟಿಗೆ ಹಿಡಿದು ಹೋದಾಗ ಎಂಟು. ಅಂಗಳದ ತುಂಬ ಜನ, ಚಪ್ಪರ, ಮೈಕು. ಒಳಗೆ ಹೆಣ ಕೂತಿತ್ತು.

ಪ್ರಾಣ ಹೋದ ಒಂದು ತಾಸಿನೊಳಗೇ ಮುರಿಗೆಪ್ಪನ ಕಡೆಯವರು ಕಾಲು ಮಡಚಿ ಪದ್ಮಾಸನ ಹಾಕಿಸಿ, ಬೆನ್ನಿಗೆ ಹಲಗೆ ಕೊಟ್ಟು, ಗೋಡೆಯ ಗೂಟಕ್ಕೆ ಸೀರೆಯಿಂದ ಬಿಗಿದಿದ್ದರು. ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ಕೂರಿಸಿ ಹೂಳುವ ಪದ್ಧತಿಯವರು ಮೈ ಸೆಟೆಯುವ ಮುಂಚೆಯೇ ಕೂರಿಸುತ್ತಾರೆ. ತಡವಾದರೆ ಕೀಲು ಬಾಗುವುದಿಲ್ಲ. ಡಬ್ಬಿ ತೀರ್ಪು ಕೊಡುವತನಕ ಹೆಣವನ್ನು ಹಾಗೆಯೇ ಬಿಡಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ.

“ತುಳಸಾಬಾಯಿ ಎಲ್ಲಿ?” ಎಂದಳು ದಾನೇಶ್ವರಿ ಸಣ್ಣಗೆ.

ತುಳಸಾಬಾಯಿ ಹಿತ್ತಲಿನಿಂದ ಬಂದಳು. ತಲೆಗೆ ಸೀಗೆಕಾಯಿ ಹಾಕಿ ಎರೆದುಕೊಂಡಿದ್ದಳು. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪೆಟ್ಟಿಗೆಯಲ್ಲಿಟ್ಟ ಹೊಸ ಸೀರೆ ಉಟ್ಟಿದ್ದಳು. ಮೈಯಿಂದ ಆಸ್ಪತ್ರೆಯ ಸಾಬೂನಿನ ಘಾಟು.

“ಇದೇನ್ ಮಾಡಿದ್ರಿ? ಜಳಕಾ ಯಾಕ ಮಾಡಿದ್ರಿ?”

“ಸರಕಾರದ ಮೇಡಮ್ಮಾರು ಬರತಾರಂದ್ರ ಹೊಲಸ ಮೈಯಾಗ ನಿಂದರಲೇನ್ರಿ? ಸೂತಕ ಬ್ಯಾರೆ. ತಿಂಗಳಾತು, ಮುರಿಗೆಪ್ಪನೋರ ಸೊಸಿ ಭಾಳ ಛೊಲೊ ಸಾಬಾಣ ತಂದ ಕೊಟ್ಟಾಳ. ದಿನಾ ಮೂರ ಸಲ ಕೈಮೈ ತೊಳಕೋ ಅಜ್ಜೀ, ಆಫೀಸಿನೋರು ಸ್ವಚ್ಛ ಇದ್ದೋರಿಗೇ ಕೊಡತಾರ ಅಂದ್ಲು. ಬಾಯಿ ತೊಳ್ಯಾಕ ಕೆಂಪ ಔಷಧನೂ ಕೊಟ್ಟಾಳ ಪಾಪ.”

ಸೊಸೆ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಳಗೆ ಹಾಕಿ. ಅವಳ ಪಕ್ಕ ಮುರಿಗೆಪ್ಪ ಎರಡೂ ತೋಳೆತ್ತಿ ಬಗಲು ತೋರಿಸುತ್ತ ಸಿದ್ಧನಾಗಿದ್ದ. ಆ ವಾಸನೆಗೆ ದಾನೇಶ್ವರಿ ಮುಖ ಪಕ್ಕಕ್ಕೆ ತಿರುಗಿಸಿದಳು. ಉಸಿರು ಬಿಗಿಹಿಡಿದು ಒರೆಸಿಕೊಂಡಳು.

ಹತ್ತೂವರೆಗೆ ಕೇಂದ್ರದಲ್ಲಿ ಡಬ್ಬಿ ಅಂಕಿ ತೋರಿಸಿತು. ಮುರಿಗೆಪ್ಪ ಅರವತ್ನಾಲ್ಕು. ತುಳಸಾಬಾಯಿ ನಲವತ್ತೊಂದು.

“ಪ್ರಿಂಟ್ ತಗೀ,” ಎಂದರು ಹುಲಕೋಟಿ ಸರ್.

ದಾನೇಶ್ವರಿ ಕದಲಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವರ ಮಾತಿಗೆ ಅವಳು ತಡಮಾಡಿದ್ದಳು.

“ಏನವಾ?”

“ಸರ್, ಹದಿನಾಲ್ಕನೇ ನಿಯಮ ಐತಲ್ರಿ.”

ಸರ್ ಕನ್ನಡಕ ತೆಗೆದರು. ಹದಿನಾಲ್ಕನೆಯ ನಿಯಮ ಕಾಯ್ದೆಯ ಪುಸ್ತಕದಲ್ಲಿ ಇತ್ತು, ಬಳಕೆಯಲ್ಲಿ ಇರಲಿಲ್ಲ. ಮೈಮೇಲಿನ ಜೀವಿಗಳು ಬೇಕೆಂದೇ ಅಂಟಿಸಿಕೊಂಡವು ಎಂಬ ಅನುಮಾನ ಬಂದರೆ ಹಳೆಯ ನೆಲೆಯ ಮಾದರಿ ತೆಗೆಯಬಹುದು ಎನ್ನುತ್ತಿತ್ತು ಅದು. ಹಳೆಯ ನೆಲೆ ಎಂದರೆ ಒಸಡಿನ ಬುಡ. ಚರ್ಮದ ಮೇಲಿನದು ಒಂದು ತಿಂಗಳಲ್ಲಿ ಬದಲಾಗುತ್ತದೆ, ಸಾಬೂನಿಗೆ ಹೋಗುತ್ತದೆ. ಹಲ್ಲು ಒಸಡುಗಳ ಸಂದಿಯಲ್ಲಿ ಗಾರೆಯಂತೆ ಗಟ್ಟಿಕಟ್ಟಿಕೊಂಡು ಕೂತದ್ದು ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ; ನಲವತ್ತು ದಿನದ ಎಂಜಲಿಗೆ ಅಲ್ಲಿ ಜಾಗ ಸಿಗುವುದಿಲ್ಲ.

“ನಿಯಮ ಐತಿ, ಯಾರು ಹಚ್ಚ್ಯಾರ? ಮುರಿಗೆಪ್ಪ ನಾಳೆ ಕೋರ್ಟಿಗೆ ಹೋಗತಾನ. ನಾ ಅಂತೂ ಸಹಿ ಮಾಡೂದಿಲ್ಲ. ನೀನಾ ಸಹಿ ಮಾಡಬೇಕು. ಮಾದರಿ ತಗೋಳೋ ಮುಂಚೆ ಎರಡೂ ಕಡಿಯವರ ಮುಂದ ನಿಂತು ಕಾರಣಾ ಬಾಯಿಂದ ಹೇಳಬೇಕಂತ ನಿಯಮದಾಗ ಬರದಾರ. ಹೇಳತೀ ನೀ?” ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಅನುಮಾನವಿತ್ತು.

ದಾನೇಶ್ವರಿ ಪೆಟ್ಟಿಗೆ ಹಿಡಿದು ಮತ್ತೆ ಗುರುಸಿದ್ದವ್ವನ ಮನೆಗೆ ಬಂದಾಗ ಅಂಗಳದಲ್ಲಿ ಭಜನೆಯವರು ಕೂತಾಗಿತ್ತು. ಮಧ್ಯಾಹ್ನ ಮೂರಕ್ಕೆ ವಿಮಾನ ಹೊರಡುವುದೆಂದು ಮೈಕಿನಲ್ಲಿ ಕೂಗುತ್ತಿದ್ದರು. ದಾನೇಶ್ವರಿ ಕಟ್ಟೆಯ ಮೇಲೆ ನಿಂತಳು. ನಲವತ್ತು ಮುಖ ಅವಳತ್ತ ತಿರುಗಿದವು. ಮಾತು ಬರಲಿಲ್ಲ. ಮುರಿಗೆಪ್ಪ ನಗುತ್ತ, “ಹೇಳ್ರಿ ಮೇಡಮ್ಮಾರ, ಯಾರಿಗೆ ಬಂತು?” ಎಂದು ಹತ್ತಿರ ಬಂದ. ಅವನ ಹಲ್ಲಿನ ಸಂದಿಯಲ್ಲಿ ಗಂಜಿಯ ಅಗುಳು ಇನ್ನೂ ಸಿಕ್ಕಿಕೊಂಡಿತ್ತು. ಆ ಅಗುಳು ನೋಡಿ ಅವಳ ಹೊಟ್ಟೆಯೊಳಗಿಂದ ಎದ್ದದ್ದು ವಾಂತಿಯೆಂದುಕೊಂಡಳು. ಬಂದದ್ದು ಮಾತು.

“ಇವರ ಮೈಮ್ಯಾಲಿಂದು ಅಂಟಿಸಿಕೊಂಡಿದ್ದು. ನಲವತ್ತ ದಿನಾ ಜಳಕಾ ಮಾಡದ, ಅಕ್ಕನ ಉಗುಳ ತಿಂದು ಅಂಟಿಸಿಕೊಂಡಾರ. ನಾ ಕಣ್ಣಾರೆ ನೋಡೀನಿ. ಆ ಅಜ್ಜಿಗೆ ಸಾಬಾಣ ಕೊಟ್ಟು ತೊಳಿಸ್ಯಾರ. ಒಸಡಿನ ಮಾದರಿ ತಗೋತೀನಿ. ನನ್ನ ಹೆಸರು ದಾನೇಶ್ವರಿ, ಸಹಿ ನಂದು.”

ಮೈಕು ಆನ್ ಇತ್ತು. ಆ ಮಾತು ಓಣಿಯ ಆ ತುದಿಯವರೆಗೂ ಕೇಳಿತು.

ಗದ್ದಲ ಎದ್ದಿತು. “ಹೆಣದ ಬಾಯಿ ಹರೀತಾಳಂತ!” ಎಂದು ಯಾರೋ ಕೂಗಿದರು. “ಉಗುಳ ತಿಂದಾನಂತಲೇ!” ಎಂದು ಇನ್ಯಾರೋ ನಕ್ಕರು. ಬಾಯಿ ಹರಿಯುವ ಕೆಲಸ ಬೀಳಲಿಲ್ಲ. ದವಡೆ ಕಲ್ಲಾಗಿತ್ತು, ತುಟಿ ಮಾತ್ರ ಇನ್ನೂ ಮೆತ್ತಗಿತ್ತು. ತುಳಸಾಬಾಯಿ ಗದ್ದದ ಬಟ್ಟೆ ಬಿಚ್ಚಿ, ಹೆಬ್ಬೆರಳಿನಿಂದ ಕೆಳತುಟಿಯನ್ನು ಕೆಳಗೆ ಸರಿಸಿದಳು. ಮಗುವಿಗೆ ಹಲ್ಲು ಬಂದವೋ ಎಂದು ನೋಡುವವರ ಹಾಗೆ. ದಾನೇಶ್ವರಿ ಕೆಳಗಿನ ಹಲ್ಲುಗಳ ಒಸಡಿನ ಬುಡದಲ್ಲಿ ಕಡ್ಡಿ ಆಡಿಸಿದಳು. ಆಮೇಲೆ ತುಳಸಾಬಾಯಿ ತಾನೇ ಬಾಯಿತೆರೆದಳು. ಮುರಿಗೆಪ್ಪ ತೆರೆಯಲಿಲ್ಲ. ತೆರೆಯದಿದ್ದರೆ ಅರ್ಜಿ ವಜಾ ಎಂದಾಗ ತೆರೆದ.

ಎರಡೂವರೆಗೆ ಹಕ್ಕುಪತ್ರ ಬಂತು. ತುಳಸಾಬಾಯಿ ತೊಂಬತ್ತೊಂದು. ಮುರಿಗೆಪ್ಪ ನಾಲ್ಕು.

ಕಾಗದವನ್ನು ಮುರಿಗೆಪ್ಪ ಎರಡು ಸಲ ಓದಿದ. ತಲೆಯೆತ್ತಿದಾಗ ಮುಖದಲ್ಲಿ ಸೋತವನ ಕಳೆ ಇರಲಿಲ್ಲ.

“ಆತು. ಹಕ್ಕು ಅಕಿದು. ಮಲಗಸಲಿ ನೋಡೂಣು.”

ಆಗ ಎಲ್ಲರಿಗೂ ತಿಳಿಯಿತು. ಒಂಬತ್ತು ತಾಸಿನಿಂದ ಕೂತ ಹೆಣ ಕೂತಲ್ಲೇ ಸೆಟೆದಿತ್ತು. ಗೂಟದ ಕಟ್ಟು ಬಿಚ್ಚಿ ಮೆಲ್ಲನೆ ಹಿಂದಕ್ಕೆ ಬಾಗಿಸಿದರೆ ಬೆನ್ನು ನೆಲಕ್ಕೆ ಹತ್ತಿತು, ಮಡಚಿದ ಮೊಣಕಾಲುಗಳು ಹಾಗೆಯೇ ಗಾಳಿಯಲ್ಲಿ ಎದ್ದು ನಿಂತವು. ತುಳಸಾಬಾಯಿ ಅವಸರದಿಂದ ಸೆರಗು ಎಳೆದು ಮುಚ್ಚಿ, ಮತ್ತೆ ಎತ್ತಿ ಕೂರಿಸಿದಳು.

“ಮೊಣಕಾಲ ಕೀಲು ಮುರದ್ರ ಆತು, ಲಟ್ ಅಂತ ಒಂದ ಸಪ್ಪಳ,” ಎಂದ ಮುರಿಗೆಪ್ಪನ ಕಡೆಯವನೊಬ್ಬ. “ದವಾಖಾನ್ಯಾಗ ಹಂಗಾ ಮಾಡತಾರ.”

“ಹೌದಲಾ, ಮುರೀರಿ. ನಲವತ್ತೆಂಟ ವರ್ಷ ತುಳದ ಕಾಲು, ಇನ್ನೇನ್ ಕೆಲಸಾ ಅವಕ್ಕ,” ಎಂದ ಮುರಿಗೆಪ್ಪ. “ಇಲ್ಲಂದ್ರ ಕುಂತಾಂಗ ನಮಗ ಕೊಡ್ರಿ. ವಿಮಾನ ಕಟ್ಟೇತಿ, ಮಂದಿ ಕೂಡ್ಯಾರ.”

ತುಳಸಾಬಾಯಿ ದಾನೇಶ್ವರಿಯನ್ನು ಮೂಲೆಗೆ ಕರೆದಳು. ಮೇಡಮ್ಮಾರು ಎನ್ನುವುದನ್ನು ಬಿಟ್ಟಿದ್ದಳು. “ಮಗಳ, ನೀ ಓದೀದಿ. ಇದು ಹಿಂಗಾ ಇರತೈತೇನು? ಕಡೀತನಕಾ?”

“ಇಲ್ಲಜ್ಜಿ. ಇಂಥಾ ಬಿಸಲಾಗ ಒಂದ ದಿನದ ಮ್ಯಾಲೆ ತಾನಾ ಸಡಲ ಆಗತೈತಿ. ಮೊದಲ ಕುತಗಿ, ಆಮ್ಯಾಲೆ ಕೈ, ಎಲ್ಲಾದಕ್ಕೂ ಕಡೀಗೆ ಕಾಲು. ನಾಳೆ ಮಧ್ಯಾಹ್ನ ಆಗಬಹುದು. ಆದರ...” ಅವಳು ನಿಲ್ಲಿಸಿದಳು. “ಆದರ ವಾಸನಿ ಬರತೈತಜ್ಜಿ. ಭಾಳ ಬರತೈತಿ. ಹೊಟ್ಟಿಯಾಗ ಗಡ್ಡಿ ಬ್ಯಾರೆ ಇತ್ತು.”

“ಹಕ್ಕುದಾರರು ಎಷ್ಟ ಹೊತ್ತ ಇಟಗೋಬಹುದು?”

“ಎರಡ ದಿನ.”

ತುಳಸಾಬಾಯಿ ಕಟ್ಟೆಗೆ ಬಂದಳು. “ಯಾರೂ ಏನೂ ಮುರೀಬ್ಯಾಡ್ರಿ,” ಎಂದಳು. “ಅಕಿ ತಾನಾ ಕಾಲ ಬಿಡೂತನಕಾ ಕಾಯತೀನಿ.”

ಮುರಿಗೆಪ್ಪ ಚಪ್ಪರದಲ್ಲಿ ಕುರ್ಚಿ ಹಾಕಿ ಕೂತ. ಹೇಗೂ ಸಾಕಾಗಿ ಬಿಟ್ಟುಕೊಟ್ಟಾಳು ಎಂಬ ಭರವಸೆ. ಭಜನೆಯವರು ಸಂಜೆಯತನಕ ಹಾಡಿದರು.

ಮರುದಿನ ಬೆಳಿಗ್ಗೆ ದಾನೇಶ್ವರಿ ಬಂದಾಗ ಓಣಿಯ ತಿರುವಿನಲ್ಲಿಯೇ ಗೊತ್ತಾಯಿತು. ಒಂಬತ್ತಕ್ಕೇ ಬಿಸಿಲು ಕಾದಿತ್ತು. ಚಪ್ಪರದಲ್ಲಿ ಖಾಲಿ ಕುರ್ಚಿಗಳು. ವಿಮಾನದ ಸೇವಂತಿಗೆ ಕಂದಿ, ಅದರ ಮೇಲೂ ನೊಣ. ಭಜನೆಯವರು ಹೋಗಿದ್ದರು. ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯಾಚೆ ನಿಂತಿದ್ದಳು. ಮುರಿಗೆಪ್ಪ ಮೂಗಿಗೆ ಕರ್ಚೀಫು ಕಟ್ಟಿ, ಅದಕ್ಕೆ ಅತ್ತರು ಹಚ್ಚಿ, ಬಾಗಿಲತನಕ ಹೋದ. ಒಳಗೆ ಇಣುಕಿದ. ಗುರುಸಿದ್ದವ್ವನ ಮೂಗಿನಿಂದ ಕಂದು ನೀರಿನ ಗೆರೆಯೊಂದು ಇಳಿದು ತುಟಿಯ ಮೇಲೆ ನಿಂತಿತ್ತು. ತುಳಸಾಬಾಯಿ ಅದನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

ಅವನು ತಿರುಗಿ ಓಡಿ ಗಟಾರದ ದಂಡೆಗೆ ಕೂತು ವಾಂತಿ ಮಾಡಿಕೊಂಡ. ನಲವತ್ತು ದಿನ ನುಂಗಿದ್ದೆಲ್ಲ ಒಮ್ಮೆಲೇ ಹೊರಗೆ ಬಂದಂತೆ, ಕರುಳು ಕಿತ್ತು ಬರುವ ಹಾಗೆ ಮಾಡಿಕೊಂಡ. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ, ಓಣಿಯ ನಲ್ಲಿಯ ಕೆಳಗೆ ತಲೆಯೊಡ್ಡಿ, ಅಂಗಿಯ ಸಮೇತ ಜಳಕ ಮಾಡಿದ. ಬಹಳ ಹೊತ್ತು ತಿಕ್ಕಿಕೊಂಡ. ಹೋದ.

ದಾನೇಶ್ವರಿ ಹೊಸ್ತಿಲಲ್ಲಿ ನಿಂತಳು. ಚೀಲದಲ್ಲಿ ಮುಖಗವಸು ಇತ್ತು, ಕೈಗವಸು ಇತ್ತು. ಸಹಿ ಅವಳದು, ಅದರ ಕೊನೆ ನೋಡದೆ ಹೋಗಲು ಬರುವಂತಿರಲಿಲ್ಲ. ಬರಿಗೈಯಲ್ಲಿ ಒಳಗೆ ಹೋಗಿ ಕೂತಳು. ಮೊದಲ ಹತ್ತು ನಿಮಿಷ ಜಗತ್ತೆಲ್ಲ ಕೊಳೆತಂತೆ ಅನಿಸಿತು. ಆಮೇಲೂ ಹಾಗೆಯೇ ಅನಿಸಿತು, ಆದರೆ ಕೂತಿದ್ದಳು.

“ಕುತಗಿ ಬಿಟ್ಟಾಳ ನೋಡು,” ಎಂದಳು ತುಳಸಾಬಾಯಿ. ತಲೆ ಮುಂದಕ್ಕೆ ಬಾಗಿತ್ತು. “ನೇಯ್ವಾಗ ನಿದ್ದಿ ಬಂದ್ರ ಹಿಂಗಾ ತೂಕಡಸತಿದ್ಲು. ನಾ ಕಂಡಿಕಿ ಒಗದು ಎಬ್ಬಸತಿದ್ದೆ. ಎದ್ದಕ್ಕೀನ ಬೈತಿದ್ಲು. ಅಬ್ಬಾ, ಏನ್ ಬೈಗಳಾ!”

ಹನ್ನೊಂದಕ್ಕೆ ಹೊರಗೆ ಯಾರೋ ಕೆಮ್ಮಿದರು. ದಾನೇಶ್ವರಿಯ ಅವ್ವ, ಮಗಳು ಇಲ್ಲಿದ್ದಾಳೆಂದು ತಿಳಿದು ಬಂದವಳು, ಕೈಯಲ್ಲಿ ಚಹಾದ ಥರ್ಮಾಸು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಮುಖ ಕಿವುಚಿತು, ಸೆರಗು ಮೂಗಿನತನಕ ಹೋಗಿ ಅಲ್ಲಿಂದ ಹಾಗೆಯೇ ಕೆಳಗೆ ಇಳಿಯಿತು. ಒಳಗೆ ಬಂದು ಕೂತಳು.

“ಒಂದಾ ಮುಚ್ಚಳ ಐತವಾ, ಲೋಟ ತರೂದ ಮರತೆ,” ಎಂದಳು.

ಅದೇ ಮುಚ್ಚಳದಲ್ಲಿ ತುಳಸಾಬಾಯಿ ಕುಡಿದಳು. ಅವ್ವ ಕುಡಿದಳು. ಉಳಿದದ್ದನ್ನು ಕೆಳಗಿಡಲು ಹೋದವಳ ಕೈಯಿಂದ ದಾನೇಶ್ವರಿ ಮುಚ್ಚಳ ತೆಗೆದುಕೊಂಡು, ಅಂಚು ಒರೆಸದೆ ಕುಡಿದಳು. ಅವ್ವ ನೋಡಿದಳು, ಖಾಲಿ ಮುಚ್ಚಳಕ್ಕೆ ಇನ್ನಷ್ಟು ಚಹಾ ಸುರಿದಳು.

ಹನ್ನೆರಡರ ಸುಮಾರಿಗೆ ಕೈಗಳು ಸಡಿಲಾದವು. ತುಳಸಾಬಾಯಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಕಾಲು ಮಾತ್ರ ಬಿಡಲಿಲ್ಲ. ಒಂದಾಯಿತು. ಎರಡಕ್ಕೆ ಹತ್ತಿರ. ನೊಣ ಹೊಡೆದು ಹೊಡೆದು ಮೂವರ ಕೈಯೂ ಸೋತಿತ್ತು. ತುಳಸಾಬಾಯಿ ಮತ್ತೊಮ್ಮೆ ಮೊಣಕಾಲ ಮೇಲೆ ಅಂಗೈ ಇಟ್ಟಳು, ಒತ್ತಲಿಲ್ಲ, ಸುಮ್ಮನೆ ಇಟ್ಟಳು.

“ಬಂತು,” ಎಂದಳು.

ಮೂವರೂ ಹಿಡಿದು ಚಾಪೆಯ ಮೇಲೆ ಮೆಲ್ಲನೆ ಮಲಗಿಸಿದರು. ಅವ್ವ ಹೆಗಲು ಹಿಡಿದಳು, ದಾನೇಶ್ವರಿ ಸೊಂಟ. ತುಳಸಾಬಾಯಿ ಒಂದು ಕಾಲನ್ನು ಬಿಡಿಸಿ ಉದ್ದಕ್ಕೆ ಚಾಚಿದಳು, ಆಮೇಲೆ ಇನ್ನೊಂದನ್ನು. ಸಪ್ಪಳವಾಗಲಿಲ್ಲ. ದಾನೇಶ್ವರಿ ಅವಳನ್ನು ಕೂತದ್ದು, ಹಾಸಿಗೆಯಲ್ಲಿ ಮುದುರಿದ್ದು ಮಾತ್ರ ನೋಡಿದ್ದಳು. ಹೀಗೆ ಚಾಚಿದಾಗ ಗುರುಸಿದ್ದವ್ವ ಸಾಕಷ್ಟು ಎತ್ತರದ ಹೆಂಗಸೆಂದು ಗೊತ್ತಾಯಿತು. ಹಿಮ್ಮಡಿ ಚಾಪೆ ದಾಟಿ, ಮಗ್ಗದ ಕುಣಿಯ ಅಂಚಿನಾಚೆಗೆ ಹೋಗಿ ಗಾಳಿಯಲ್ಲಿ ನಿಂತಿತ್ತು.

ತುಳಸಾಬಾಯಿ ಮಗ್ಗದ ಹಲಗೆಯೊಂದನ್ನು ಎಳೆದು ಕುಣಿಯ ಬಾಯಿಗೆ ಮುಚ್ಚಿ, ಆ ಎರಡು ಪಾದಗಳನ್ನು ಎತ್ತಿ ಅದರ ಮೇಲಿಟ್ಟಳು.

“ಹಾಂ, ಈಗ ಮಕ್ಕೋ,” ಎಂದಳು. “ಇನ್ನ ನನ್ನ ಲಾಳಿ ಕೇಳೋರು ಯಾರಿಲ್ಲ.”